ಎರಡು ಐವತ್ತೈದರ ಬಸ್ಸಿನ ನಲವತ್ತು ಹೆಂಗಸರು

ಅಂದಾಜಪ್ಪನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಅದು ಈಗ ಕಚೇರಿಯ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿದೆ. ಮೋಡ ನೋಡಿ "ಇನ್ನು ಹನ್ನೆರಡೇ ನಿಮಿಷ" ಎನ್ನುವುದು, ಬಟ್ಟೆ ನೋಡಿ "ತೋಳಿಗೆ ಸಾಲದು" ಎನ್ನುವುದು, ಎದುರಿಗೆ ಬಂದವರ ವಯಸ್ಸನ್ನು ಅವರ ಮುಖಕ್ಕೇ ಹೇಳಿಬಿಡುವುದು, ಹೀಗೆ ದಿನಕ್ಕೆ ಹತ್ತಾದರೂ ಅಂದಾಜು ಮಾಡದಿದ್ದರೆ ಅವನಿಗೆ ಉಂಡ ಅನ್ನ ಅರಗುತ್ತಿರಲಿಲ್ಲ. ಅವುಗಳಲ್ಲಿ ಎಷ್ಟು ಸರಿಹೋದವು ಎಂದು ಯಾರೂ ಬರೆದಿಟ್ಟಿಲ್ಲ. ಬರೆದಿಟ್ಟಿದ್ದರೆ ಸರ್ಕಾರ ಅವನ ಕೈಗೆ ಈ ಕೆಲಸ ಕೊಡುತ್ತಿರಲಿಲ್ಲ.

ಅವನು ಸಂಚಾರ ಯೋಜನಾ ಕಚೇರಿಯಲ್ಲಿ ಗುಮಾಸ್ತ. ಇಪ್ಪತ್ತೆರಡು ವರ್ಷ ಬೇರೆಯವರ ಅಂದಾಜುಗಳಿಗೆ ದಾರ ಕಟ್ಟಿ ಕಪಾಟಿನಲ್ಲಿಟ್ಟಿದ್ದ. ಒಂದು ದಿನ ಮೇಲಧಿಕಾರಿ ಮೇಡಂ ಅವನನ್ನು ಒಳಗೆ ಕರೆದರು. ಇನ್ನು ಹದಿನೈದು ವರ್ಷಕ್ಕೆ ಊರಿನ ಜನಸಂಖ್ಯೆ ಹೇಗೆ ಬದಲಾಗುತ್ತದೆ, ಮಕ್ಕಳೆಷ್ಟು, ಮುದುಕರೆಷ್ಟು, ಅವರೆಲ್ಲ ದಿನಾ ಎಲ್ಲಿಂದ ಎಲ್ಲಿಗೆ ಓಡಾಡುತ್ತಾರೆ, ಅದಕ್ಕೆ ಬಸ್ಸುಗಳೆಷ್ಟು ಬೇಕು ಎಂಬುದನ್ನು ಈಗಲೇ ಕಂಡುಹಿಡಿಯಬೇಕಂತೆ. ನಲವತ್ತು ಮನೆಗೆ ಒಂದು ಮನೆಯನ್ನು ಚೀಟಿ ಎತ್ತಿ ಆರಿಸಬೇಕು. ಆ ಮನೆಯವರು ನಿನ್ನೆ ಎಲ್ಲೆಲ್ಲಿಗೆ ಹೋದರೆಂದು ಬರೆಸಿಕೊಳ್ಳಬೇಕು. ಬಂದದ್ದನ್ನು ನಲವತ್ತರಿಂದ ಗುಣಿಸಬೇಕು.

"ಒಂದು ಮನೆ ಅಂದ್ರೆ ನಲವತ್ತು ಮನೆ ಅಂತ ತಿಳ್ಕೊಳ್ಳಿ. ಅರ್ಥ ಆಯ್ತಲ್ವಾ?" ಎಂದರು ಮೇಡಂ.

ಅಂದಾಜಪ್ಪ ಹಾಗೆಯೇ ತಿಳಿದುಕೊಂಡ. ಮುಂದೆ ಆದ ಅನಾಹುತಕ್ಕೆಲ್ಲ ಅವನು ಇಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡದ್ದೇ ಕಾರಣ.

ಆ ಸಂಜೆ ಅವನು ನೇರ ಮನೆಗೆ ಹೋಗಲಿಲ್ಲ. ಬೀದಿಯ ಮೂಲೆಯಲ್ಲಿ ದರ್ಜಿಯ ಅಂಗಡಿಯಿತ್ತು, ಅಂಗಡಿಯ ಮುಂದೆ ಒಂದು ಬೆಂಚಿತ್ತು. ಬಡಾವಣೆಯ ಸುದ್ದಿಗಳೆಲ್ಲ ಆ ಬೆಂಚಿನ ಮೇಲೆ ಅಳತೆಗೆ ತಕ್ಕಂತೆ ಹೊಲಿಸಿಕೊಂಡೇ ಹೊರಡುತ್ತಿದ್ದವು.

"ಹದಿನೈದು ವರ್ಷ ಬಿಟ್ಟು ಈ ಬೀದಿಯವರು ಯಾವ್ಯಾವ ಹೊತ್ತಿಗೆ ಎಲ್ಲೆಲ್ಲಿಗೆ ಹೋಗ್ತಾರೆ, ಅಷ್ಟೂ ಇನ್ಮೇಲೆ ನನ್ನ ಕೈಯಲ್ಲಿ," ಎಂದ ಅಂದಾಜಪ್ಪ, ಕಾಲ ಮೇಲೆ ಕಾಲು ಹಾಕಿಕೊಂಡು.

ದರ್ಜಿ ಬಾಯಲ್ಲಿದ್ದ ದಾರವನ್ನು ಕಚ್ಚಿ ತುಂಡರಿಸಿದ. "ನನ್ನದೂನಾ?"

"ಎಲ್ಲರದೂ."

"ನಾನು ಎಲ್ಲಿಗೆ ಹೋಗ್ತೀನಿ ಅಂತ ನಿಮಗ್ಯಾಕ್ರೀ ಬೇಕು?" ಎಂದು ದರ್ಜಿ ಅನುಮಾನದಿಂದ ನೋಡಿ, ಹೊಲಿಗೆ ಯಂತ್ರವನ್ನು ಸ್ವಲ್ಪ ಆಚೆ ಎಳೆದುಕೊಂಡ.

ಚೀಟಿ ಎತ್ತಿದಾಗ ಆ ಬಡಾವಣೆಗೆ ಅಂದಾಜಪ್ಪನ ಮನೆಯೇ ಬಂತು. ಬರೆಸಿಕೊಳ್ಳಬೇಕಾದವನೂ ಅವನೇ. ಮನೆಯಲ್ಲಿ ಮೂರು ಜನ: ಅವನು, ಅವನ ಹೆಂಡತಿ, ಅವನ ಅಮ್ಮ. ಬೆಳಗ್ಗೆ ಮೂವರೂ ಊಟದ ಮೇಜಿನ ಸುತ್ತ ಕೂತಾಗ ಅವನು ಎದ್ದು ನಿಂತು ನಿಯಮಗಳನ್ನು ಓದಿದ.

"ಹೋದ ಕಾರಣಕ್ಕೆ ಅಂಕಿ ಹಾಕಬೇಕು. ಒಂದು ಕೆಲಸ, ಎರಡು ಶಾಲೆ, ಮೂರು ಅಂಗಡಿ, ನಾಲ್ಕು ಆಸ್ಪತ್ರೆ, ಐದು ನೆಂಟರ ಮನೆ, ಆರು ವಾಪಸು ಮನೆಗೆ, ಏಳು ಇತರೆ. ಏಳು ಅಂತ ಬರೆದವರನ್ನ ಯಾಕೆ, ಏನು ಅಂತ ಕೇಳೋ ಹಾಗೇ ಇಲ್ಲ. ಅದು ಪ್ರಜೆಯ ಗೋಪ್ಯ. ನಮ್ಮ ಇಲಾಖೆ ಅಷ್ಟು ಕಟ್ಟುನಿಟ್ಟು."

"ಹೆಂಡತಿನೂ ಕೇಳೋ ಹಾಗಿಲ್ವಾ?" ಎಂದಳು ಹೆಂಡತಿ.

"ಸ್ವಂತ ಹೆಂಡತಿಯಾದ್ರೂ ಸರಿ, ಕೇಳೋ ಹಾಗಿಲ್ಲ!" ಎಂದ ಅಂದಾಜಪ್ಪ, ಮೇಜು ಗುದ್ದಿ.

ಅಮ್ಮನದು ಬೇಗ ಮುಗಿಯಿತು. "ನಾನು ಎಲ್ಲಿಗೂ ಹೋಗಿಲ್ಲಪ್ಪ. ನನ್ನನ್ನ ಯಾರು ಕರ್ಕೊಂಡು ಹೋಗ್ತಾರೆ? ಗೇಟಿನ ತನಕ ಎರಡು ಸಲ ಹೋದೆ. ಅದನ್ನೂ ಬರ್ಕೋ, ಇಲಾಖೆಗೆ ಗೊತ್ತಾಗ್ಲಿ." ಗೇಟಿಗೆ ಅಂಕಿಯಿರಲಿಲ್ಲ, ಬಿಟ್ಟ.

ಹೆಂಡತಿ ತನ್ನ ಹಾಳೆಯನ್ನು ತಾನೇ ತುಂಬಿ, ನಾಲ್ಕು ಮಡಿಕೆ ಮಾಡಿ ಕೊಟ್ಟಳು. ಅಂದಾಜಪ್ಪ ಕಚೇರಿಯಲ್ಲಿ ಕೂತು ಅದನ್ನು ಬಿಡಿಸಿದ. ಹೊರಟದ್ದು: ಮಧ್ಯಾಹ್ನ ಎರಡು ಐವತ್ತೈದು. ಒಂಬತ್ತನೇ ನಂಬರು ಬಸ್ಸು. ಇಳಿದದ್ದು: ಕೊನೆಯ ನಿಲ್ದಾಣ. ವಾಪಸು: ನಾಲ್ಕೂವರೆ. ಕಾರಣ: ಏಳು.

ಅವನು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದ. ಏಳು ಏಳಾಗಿಯೇ ಇತ್ತು. ಮದುವೆಯಾಗಿ ಇಪ್ಪತ್ತು ವರ್ಷವಾಯಿತು. ಮಧ್ಯಾಹ್ನ ಮೂರಕ್ಕೆ ಹೆಂಡತಿ ಮನೆಯಲ್ಲಿ ಮಲಗಿರುತ್ತಾಳೆ ಎಂಬುದು ಅವನು ಮಾಡಿದ ಅಂದಾಜುಗಳಲ್ಲೆಲ್ಲ ಹಳೆಯದು, ಗಟ್ಟಿಯಾದದ್ದು. ಈಗ ಅದರ ಬುಡವೇ ಅಲ್ಲಾಡಿತು.

ಸಂಜೆ ಮನೆಯಲ್ಲಿ ಬೂಟು ಬಿಚ್ಚುತ್ತಾ, ಗೋಡೆಯನ್ನು ಕೇಳುವವನಂತೆ ಕೇಳಿದ. "ಒಂಬತ್ತನೇ ನಂಬರು ಬಸ್ಸು ಈಗ ಹೊತ್ತಿಗೆ ಸರಿಯಾಗಿ ಬರುತ್ತಾ?"

"ಬರುತ್ತೆ."

"ಕೊನೇ ನಿಲ್ದಾಣದ ಹತ್ತಿರ ಏನೇನಿದೆಯೋ ಈಗ?"

"ರೀ," ಎಂದಳು ಹೆಂಡತಿ ನಗುತ್ತಾ, "ಏಳು ಅಂದ್ರೆ ಕೇಳೋ ಹಾಗಿಲ್ಲ ಅಂದ್ರಲ್ಲ? ಇಲಾಖೆ ಕಟ್ಟುನಿಟ್ಟು ಅಲ್ವಾ?"

ಅಮ್ಮ ಒಳಗಿನಿಂದ ಕೆಮ್ಮಿದಳು. ಆ ಕೆಮ್ಮು ಅಂದಾಜಪ್ಪನಿಗೆ ನಗುವಿನಂತೆ ಕೇಳಿಸಿತು.

ಅಂದಿನಿಂದ ಅವನು ಮನೆಯಲ್ಲಿ ಗಂಡನಂತಲ್ಲ, ಪತ್ತೇದಾರನಂತೆ ಓಡಾಡತೊಡಗಿದ. ಕಂಡದ್ದೆಲ್ಲ ಅನುಮಾನಕ್ಕೆ ಎಣ್ಣೆ ಹೊಯ್ಯುವಂತೆಯೇ ಇತ್ತು. ಹೆಂಡತಿ ಹೊಸದಾಗಿ ಚಪ್ಪಟೆ ಅಡಿಯ ಬೂಟು ತಂದಿದ್ದಳು. ಅವಳ ಕೈಚೀಲದ ಪಟ್ಟಿಯ ಮೇಲೆ ಕಪ್ಪು ಜಿಡ್ಡಿನ ಬೆರಳಚ್ಚಿತ್ತು. ಕೋಣೆಯಿಂದ ಹೊರಡುವಾಗಲೆಲ್ಲ ಬಲಕ್ಕೊಮ್ಮೆ ಎಡಕ್ಕೊಮ್ಮೆ ನೋಡಿ ಹೊರಡುತ್ತಿದ್ದಳು. ಊಟಕ್ಕೆ ಕೂತರೆ ಖಾಲಿ ತಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ಅತ್ತ ತಿರುಗಿಸುತ್ತಿದ್ದಳು, ಇತ್ತ ತಿರುಗಿಸುತ್ತಿದ್ದಳು. ಮೇಜಿನ ಕೆಳಗೆ ಎಡಗಾಲನ್ನು ಒತ್ತುವುದು, ಮೆಲ್ಲಗೆ ಬಿಡುವುದು, ಮತ್ತೆ ಒತ್ತುವುದು. ಅಂದಾಜಪ್ಪ ಚಮಚ ಬೀಳಿಸಿದ ನೆಪದಲ್ಲಿ ಬಗ್ಗಿ ನೋಡಿ ಖಚಿತಪಡಿಸಿಕೊಂಡ. ಇದು ನೃತ್ಯದ ಹೆಜ್ಜೆಯಲ್ಲದೆ ಇನ್ನೇನು? ನಲವತ್ತನಾಲ್ಕನೇ ವಯಸ್ಸಿನಲ್ಲಿ ನೃತ್ಯ! ಅದೂ ಒಬ್ಬಳೇ ಮಾಡುವ ನೃತ್ಯವೋ, ಜೊತೆಗೆ ಯಾರಾದರೂ ಇರುವ ನೃತ್ಯವೋ?

ಮುಂದಿನ ಮಂಗಳವಾರ ಮೂರು ಗಂಟೆಗೆ ಕಚೇರಿಯಿಂದ ಮನೆಗೆ ಫೋನ್ ಮಾಡಿದ. ಅಮ್ಮ ಎತ್ತಿದಳು.

"ಅವಳೆಲ್ಲಿ ಅಮ್ಮ?"

"ಮಲಗಿದಾಳೆ ಕಣೋ. ಎಬ್ಬಿಸಬೇಡ ಪಾಪ."

"ಒಂದು ಸಲ ನೋಡಿ ಬಾ."

"ನೋಡ್ತಾನೇ ಇದೀನಿ. ಗೊರಕೆ ಬೇರೆ."

ಇಪ್ಪತ್ತು ವರ್ಷ ಅತ್ತೆಯೂ ಸೊಸೆಯೂ ಉಪ್ಪಿನ ಡಬ್ಬಿ ಎಲ್ಲಿರಬೇಕೆಂಬುದಕ್ಕೂ ಜಗಳವಾಡಿದವರು. ಈಗ ಅಮ್ಮನೂ ಶಾಮೀಲು ಎಂದರೆ ವಿಷಯ ಸಣ್ಣದಲ್ಲ.

ಇತ್ತ ಕಚೇರಿಯಲ್ಲಿ ಹಾಳೆಗಳನ್ನು ಲೆಕ್ಕದ ಯಂತ್ರಕ್ಕೆ ಉಣಿಸುವ ದಿನ ಬಂತು. ಹೆಂಡತಿಯ ಹಾಳೆಯನ್ನು ಕಳೆದುಹಾಕೋಣವೇ ಎಂದು ಅವನು ಯೋಚಿಸದೆ ಇರಲಿಲ್ಲ. ಆದರೆ ಹಾಳೆಗಳಿಗೆ ಸಂಖ್ಯೆಯಿತ್ತು. ಸರಿ, ಸೇರಿಸಿದ. ಯಂತ್ರ ನಿಯಮದಂತೆ ನಲವತ್ತರಿಂದ ಗುಣಿಸಿತು. ಈ ಬಡಾವಣೆಯಿಂದ ನಲವತ್ತು ಹೆಂಗಸರು ಎರಡು ಐವತ್ತೈದಕ್ಕೆ ಒಂಬತ್ತನೇ ನಂಬರು ಬಸ್ಸು ಹತ್ತಿ, ಹೇಳಲಾಗದ ಕಾರಣಕ್ಕೆ ಕೊನೆಯ ನಿಲ್ದಾಣಕ್ಕೆ ಹೋಗುತ್ತಾರೆ. ನಲವತ್ತು ದಾಟಿದ ಹೆಂಗಸರು ಹದಿನೈದು ವರ್ಷದಲ್ಲಿ ಒಂದೂಮುಕ್ಕಾಲು ಪಟ್ಟಾಗುತ್ತಾರೆಂದು ಜನಸಂಖ್ಯೆಯ ಕೋಷ್ಟಕ ಹೇಳಿತು. ಅಂದರೆ ಆಗ ಎಪ್ಪತ್ತು ಹೆಂಗಸರು.

ಅಂದಾಜಪ್ಪ ಆ ಹಾಳೆಯನ್ನು ಎದೆಗೊತ್ತಿಕೊಂಡ. ಎಷ್ಟೋ ದಿನದ ಮೇಲೆ ಅವನಿಗೆ ಸ್ವಲ್ಪ ಸಮಾಧಾನವಾಗಿತ್ತು. ದಾರಿ ತಪ್ಪಿದವಳು ತನ್ನ ಹೆಂಡತಿ ಒಬ್ಬಳೇ ಅಲ್ಲ. ಇನ್ನೂ ಮೂವತ್ತೊಂಬತ್ತು ಜನರಿದ್ದಾರೆ! ಸರ್ಕಾರಿ ಲೆಕ್ಕ, ಸುಳ್ಳಾಗಲು ಸಾಧ್ಯವೇ? ಒಂದು ಮನೆ ಅಂದರೆ ನಲವತ್ತು ಮನೆ.

ಮೇಡಂ ಮಾತ್ರ ಹುಬ್ಬು ಗಂಟಿಕ್ಕಿದರು. ಅವರ ಮುಂದಿನ ನಕ್ಷೆಯಲ್ಲಿ ದಿನವೆಲ್ಲ ಚಪ್ಪಟೆಯಾಗಿದ್ದ ಗೆರೆ ಮೂರು ಗಂಟೆಯ ಹತ್ತಿರ ಹಲ್ಲುನೋವಿನ ಕೆನ್ನೆಯಂತೆ ಊದಿಕೊಂಡಿತ್ತು.

"ಏನ್ರೀ ಇದು? ಕೊನೇ ನಿಲ್ದಾಣದಲ್ಲಿ ಅಂಥದ್ದೇನಿದೆ?"

"ಒಂದು ನೀರಿನ ಟ್ಯಾಂಕಿದೆ ಮೇಡಂ. ಆಮೇಲೆ ಒಂದು ಉದ್ದ ಗೋಡೆ."

"ನಲವತ್ತು ಹೆಂಗಸರು ಗೋಡೆ ನೋಡೋಕೆ ಹೋಗ್ತಾರಾ?"

"ಕಾರಣ ಏಳು ಮೇಡಂ. ಕೇಳೋ ಹಾಗಿಲ್ಲ," ಎಂದ ಅಂದಾಜಪ್ಪ.

"ನನಗ್ಯಾಕೋ ಅನುಮಾನ," ಎಂದರು ಮೇಡಂ. "ಇದರ ಮೇಲೆ ಒಂದು ಕಣ್ಣಿಟ್ಟಿರಿ."

ಮೇಲಿನವರೇ ಹೇಳಿದ ಮೇಲೆ ಇನ್ನೇನು! ಮೂವತ್ತೊಂಬತ್ತು ಜನರನ್ನು ಪತ್ತೆ ಹಚ್ಚಲು ಅಂದಾಜಪ್ಪ ಅಂದೇ ದರ್ಜಿಯ ಬೆಂಚಿಗೆ ಬಂದ. ಪಕ್ಕದಲ್ಲಿ ಔಷಧಿ ಅಂಗಡಿಯವನೂ ಕೂತಿದ್ದ.

"ಗುಟ್ಟಿನ ವಿಷಯ, ಯಾರಿಗೂ ಹೇಳಬೇಡಿ," ಎಂದು ಶುರು ಮಾಡಿದ. ಬಡಾವಣೆಗೆ ಸುದ್ದಿ ಹಬ್ಬಿಸಲು ಇದಕ್ಕಿಂತ ಚುರುಕಾದ ವಿಧಾನ ಇನ್ನೂ ಬಂದಿಲ್ಲ. "ನಮ್ಮ ಬಡಾವಣೆಯ ನಲವತ್ತು ಜನ ಹೆಂಗಸರು ಮಧ್ಯಾಹ್ನ ಮೂರರ ಹೊತ್ತಿಗೆ ಬಸ್ಸು ಹತ್ತಿ ಎಲ್ಲಿಗೋ ಹೋಗ್ತಾರೆ. ಮನೆಯವರಿಗೆ ಗೊತ್ತಿಲ್ಲ."

ಹೊಲಿಗೆ ಯಂತ್ರ ನಿಂತುಹೋಯಿತು.

"ಯಾರ್ಯಾರು?" ಎಂದ ಔಷಧಿಯವನು. ಅವನ ಧ್ವನಿಗೇ ಔಷಧಿ ಬೇಕಾಗಿತ್ತು.

"ಹೆಸರು ಹೇಳೋ ಹಾಗಿಲ್ಲ." ಹೆಸರು ಗೊತ್ತಿಲ್ಲ ಎನ್ನಬೇಕಾದ ಕಡೆ ಅಂದಾಜಪ್ಪ ಹೀಗೆಂದ. ಗೊತ್ತಿಲ್ಲ ಎನ್ನುವುದು ಅವನ ನಾಲಿಗೆಗೆ ಒಗ್ಗದ ಮಾತು.

"ನಮ್ಮನೆಯವಳು ಇದಾಳೋ ಇಲ್ವೋ, ಅಷ್ಟು ಹೇಳಿ ಸಾಕು."

"ನಾನು ಹೂಂ ಅನ್ನೋ ಹಾಗೂ ಇಲ್ಲ, ಉಹೂಂ ಅನ್ನೋ ಹಾಗೂ ಇಲ್ಲ."

ಔಷಧಿಯವನ ಮುಖ ಬಿಳಿಚಿತು. ದರ್ಜಿ ಎದ್ದು, ಹೊಲಿಯುತ್ತಿದ್ದ ಪ್ಯಾಂಟಿಗೆ ಒಂದೇ ಕಾಲಿರುವಾಗಲೇ ಅಂಗಡಿ ಬಾಗಿಲು ಎಳೆದ. "ಮೊನ್ನೆ ಮೂರು ಗಂಟೆಗೆ ಫೋನ್ ಮಾಡಿದ್ರೆ ಎತ್ತಲಿಲ್ಲ ಕಣ್ರೀ ಅವಳು! ಬಟ್ಟೆ ಒಗೀತಿದ್ದೆ ಅಂದ್ಲು!"

ಎರಡೇ ದಿನ. ಬಡಾವಣೆಯ ಗಂಡಸರೆಲ್ಲ ಅಂಗಡಿಗೆ ಬೀಗ ಹಾಕಿ, ಕಚೇರಿಯಲ್ಲಿ ತಲೆನೋವು ಹೇಳಿ, ಎರಡೂವರೆಗೆ ಬೀದಿಗೆ ಬರತೊಡಗಿದರು. ಕೆಲವರು ಮನೆಯ ಎದುರಿನ ಕಂಬದ ಹಿಂದೆ ನಿಂತರು. ಧೈರ್ಯವಿದ್ದವರು ನೇರ ಬಸ್ ನಿಲ್ದಾಣಕ್ಕೇ ನಡೆದರು. ಒಬ್ಬರನ್ನೊಬ್ಬರು ಕಂಡು "ಏನು ಈ ಕಡೆ?" ಎಂದರು. "ಹೀಗೇ ಗಾಳಿಗೆ" ಎಂದರು. ಗಾಳಿಗೆ ಬಂದವರೆಲ್ಲ ಬಸ್ಸು ಹತ್ತಿದರು.

ಶುಕ್ರವಾರ ಅಂದಾಜಪ್ಪನೂ ಅರ್ಧ ದಿನ ರಜೆ ಹಾಕಿ ನಿಲ್ದಾಣದ ಹಿಂದಿನ ಜಾಹೀರಾತು ಫಲಕದ ಮರೆಯಲ್ಲಿ ನಿಂತ. ಎರಡು ಐವತ್ತಮೂರಕ್ಕೆ ಹೆಂಡತಿ ಬಂದಳು. ಚಪ್ಪಟೆ ಬೂಟು, ಅದೇ ಕೈಚೀಲ. ಮುಖದಲ್ಲಿ ಅವನು ಬಹಳ ದಿನದಿಂದ ಕಾಣದ ಒಂದು ಉತ್ಸಾಹ. ಅದನ್ನು ನೋಡಿ ಅವನಿಗೆ ಸಿಟ್ಟು ಬರಬೇಕಿತ್ತು, ದುಃಖ ಬಂತು. ಮನೆಯಲ್ಲಿ ಈ ಮುಖವನ್ನು ತಾನು ಕೊನೆಯ ಸಲ ನೋಡಿದ್ದು ಯಾವಾಗ ಎಂದು ಅಂದಾಜು ಮಾಡಲು ಹೋದ. ಸಿಗಲಿಲ್ಲ.

ಬಸ್ಸು ಬಂತು. ಹೆಂಡತಿ ಮೊದಲು ಹತ್ತಿದಳು. ಅವಳ ಹಿಂದೆ ಎಲ್ಲಿದ್ದರೋ ಏನೋ ಇಡೀ ಬಡಾವಣೆಯ ಗಂಡಂದಿರು ನುಗ್ಗಿದರು. ಅಂದಾಜಪ್ಪ ಫಲಕದ ಮರೆಯಿಂದ ಓಡಿ ಬರುವಷ್ಟರಲ್ಲಿ ಮೆಟ್ಟಿಲ ಮೇಲೂ ಕಾಲಿಡಲು ಜಾಗವಿರಲಿಲ್ಲ.

"ನನ್ನ ಹೆಂಡತಿ ಒಳಗಿದಾಳೆ ಕಣ್ರೀ!" ಎಂದು ಕೂಗಿದ.

"ಎಲ್ಲರದೂ ಅದೇ ಗೋಳು, ಮುಂದಿನ ಬಸ್ಸಿಗೆ ಬನ್ನಿ," ಎಂದ ಕಂಡಕ್ಟರ್, ಸೀಟಿ ಊದಿ.

ಸಂಜೆ ದರ್ಜಿ ವರದಿ ತಂದ. ಅವನ ಮುಖದಲ್ಲಿ ಕನಿಕರವೂ ಇತ್ತು, ತನ್ನ ಮನೆ ಬಚಾವಾಯಿತೆಂಬ ಖುಷಿಯೂ ಇತ್ತು. "ಬಸ್ಸಲ್ಲಿ ಹೆಂಗಸರು ಅಂತ ಇದ್ದಿದ್ದು ನಿಮ್ಮನೆಯವರೊಬ್ಬರೇ. ಕೊನೇ ನಿಲ್ದಾಣದಲ್ಲಿ ಇಳಿದ್ರು. ಆ ಉದ್ದ ಗೋಡೆಯಲ್ಲಿ ಒಂದು ಸಣ್ಣ ಬಾಗಿಲು ತೆಗೀತು. ಒಬ್ಬ ಮೀಸೆಯವನು ಇಣುಕಿದ."

"ಮೀಸೆ ಹೇಗಿತ್ತು?"

"ದಪ್ಪಗಿತ್ತು. 'ಇವತ್ತು ಲೇಟು ಮಾಡಿದ್ರಿ, ಬೇಗ ಬನ್ನಿ' ಅಂದ. ಇವರು ನಗ್ತಾ ಒಳಗೆ ಹೋದ್ರು. ಬಾಗಿಲು ಮುಚ್ಕೊಳ್ತು."

"ಉಳಿದ ಮೂವತ್ತೊಂಬತ್ತು ಜನ?"

"ಅವರು ಬೇರೆ ದಿನ ಬರ್ತಾರೇನೋ," ಎಂದ ದರ್ಜಿ. ತಕ್ಷಣ ಅವನ ಖುಷಿ ಇಳಿದುಹೋಯಿತು.

ಆದ್ದರಿಂದ ಗಂಡಂದಿರು ದಿನಾ ಹೋದರು. ಕೆಲಸ ಬಿಟ್ಟು ದಿನಾ ಮೂರು ಗಂಟೆಗೆ ಎಲ್ಲಿಗೋ ಹೋಗಿಬರುವ ಗಂಡಂದಿರ ಮೇಲೆ ಹೆಂಡತಿಯರಿಗೆ ಅನುಮಾನ ಹುಟ್ಟಿತು. ಅವರು ಹಿಂದಿನ ಬಾಗಿಲಿಂದ ಹತ್ತಿದರು. ಒಂಬತ್ತನೇ ನಂಬರು ಬಸ್ಸು ಒಂದು ಮಗ್ಗುಲಿಗೆ ವಾಲಿಕೊಂಡು ಓಡತೊಡಗಿತು. ಎರಡನೇ ವಾರದ ಕೊನೆಗೆ ಮೂರು ಗಂಟೆಗೆ ಇನ್ನೊಂದು ಬಸ್ಸು ಬಿಡದಿದ್ದರೆ ತಮ್ಮಿಂದಾಗದು ಎಂದು ಡಿಪೋದವರೇ ಮೇಡಂಗೆ ಪತ್ರ ಬರೆದರು.

ಮೇಡಂ ಆ ಪತ್ರವನ್ನೂ ಅಂದಾಜಪ್ಪನ ನಕ್ಷೆಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರು. ಅವರ ಅನುಮಾನವೆಲ್ಲ ಕರಗಿಹೋಯಿತು. "ಹದಿನೈದು ವರ್ಷಕ್ಕೆ ಅಂದಿದ್ರಿ. ಹದಿನೈದು ದಿನಕ್ಕೇ ಬಂತಲ್ರೀ! ನಮ್ಮ ಕಚೇರಿಯ ಇತಿಹಾಸದಲ್ಲಿ ಒಂದು ಮುನ್ಸೂಚನೆ ನಿಜ ಆಗಿದ್ದು ಇದೇ ಮೊದಲು. ಸೋಮವಾರದಿಂದ ಹೆಚ್ಚುವರಿ ಬಸ್ಸು. ಮೊದಲನೇ ಓಟಕ್ಕೆ ನೀವು ಇರಲೇಬೇಕು."

ಸಹೋದ್ಯೋಗಿಗಳು ಕೈಕುಲುಕಿದರು. ಇಪ್ಪತ್ತೆರಡು ವರ್ಷ ಕಾದಿದ್ದ ಗಳಿಗೆ ಅದು. ಅಂದಾಜಪ್ಪನ ಕಣ್ಣ ಮುಂದೆ ಮಾತ್ರ ಒಂದು ದಪ್ಪ ಮೀಸೆ ಕುಣಿಯುತ್ತಿತ್ತು. ಆ ಬಸ್ಸಿನಲ್ಲೇ ಹೋಗುವುದು, ಗೋಡೆಯ ಬಾಗಿಲು ತಟ್ಟುವುದು, ಮೀಸೆಯವನನ್ನು ವಿಚಾರಿಸುವುದು, ಆಮೇಲೆ ಹೆಂಡತಿ ಯಾರ ಕಡೆ ನಿಲ್ಲುತ್ತಾಳೋ ನೋಡಿಬಿಡುವುದು ಎಂದು ನಿರ್ಧರಿಸಿದ. ನನ್ನ ಕಡೆ ನಿಲ್ಲದಿದ್ದರೆ? ಅದರಿಂದ ಮುಂದೆ ಅವನಿಗೆ ಯೋಚಿಸಲು ಆಗಲಿಲ್ಲ.

ಸೋಮವಾರ ಹೆಂಡತಿ ಬೆಳಗ್ಗೆ ಹನ್ನೊಂದಕ್ಕೇ ಮನೆ ಬಿಟ್ಟಿದ್ದಳಂತೆ. ಅಮ್ಮ ಫೋನಿನಲ್ಲಿ "ಮಲಗಿದಾಳೆ" ಎಂದೂ ಹೇಳಲಿಲ್ಲ. "ನಾನೂ ಹೊರಟೆ ಕಣೋ, ಇಡು," ಎಂದಳು. ಗೇಟು ದಾಟದ ಅಮ್ಮ ಎಲ್ಲಿಗೆ ಹೊರಟಳು? ಅಂದಾಜಪ್ಪನ ಅಂದಾಜುಗಳು ಅಲ್ಲಿಗೆ ಪೂರಾ ಕೈಕೊಟ್ಟವು.

ಎರಡು ಐವತ್ತೈದು. ನಿಲ್ದಾಣದಲ್ಲಿ ಗಂಡಂದಿರ ಒಂದು ಸಾಲು, ಸ್ವಲ್ಪ ದೂರದಲ್ಲಿ ಹೆಂಡತಿಯರ ಒಂದು ಸಾಲು. ಎರಡೂ ಸಾಲಿನವರು ಬೇರೆಲ್ಲೋ ನೋಡುವವರಂತೆ ನಿಂತಿದ್ದರು. ಹೊಸ ಬಸ್ಸು ತಿರುವಿನಲ್ಲಿ ಕಾಣಿಸಿತು. ಗುಂಡಿ ತಪ್ಪಿಸಿ, ಸೈಕಲ್ಲಿನವನಿಗೆ ದಾರಿ ಬಿಟ್ಟು, ಕಲ್ಲಿನ ಅಂಚಿಗೆ ಒಂದು ಗೇಣು ಬಿಟ್ಟು ನೆಟ್ಟಗೆ ಬಂದು ನಿಂತಿತು. "ನುರಿತ ಕೈ," ಎಂದ ಔಷಧಿಯವನು.

ಚಾಲಕರ ಸೀಟಿನಲ್ಲಿ ಅಂದಾಜಪ್ಪನ ಹೆಂಡತಿ ಕೂತಿದ್ದಳು.

ನೀಲಿ ಅಂಗಿ, ಎದೆಯ ಮೇಲೆ ಬಿಲ್ಲೆ, ಎರಡು ಕೈಯಲ್ಲಿ ಆ ದೊಡ್ಡ ಚಕ್ರ. ತಟ್ಟೆ ಹಿಡಿದ ಹಾಗೆಯೇ ಹಿಡಿದಿದ್ದಳು. ಎಡಗಾಲು ಕ್ಲಚ್ಚನ್ನು ಒತ್ತಿತ್ತು. ಅವಳ ಹಿಂದಿನ ಮೊದಲ ಸೀಟಿನಲ್ಲಿ, ಕಿಟಕಿಯ ಪಕ್ಕ, ಅಮ್ಮ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮಹಾರಾಣಿಯಂತೆ ಕೂತಿದ್ದಳು. ಬಾಗಿಲಲ್ಲಿ ದಪ್ಪ ಮೀಸೆಯವನು ನಿಂತಿದ್ದ.

"ಬನ್ನಿ ಸಾರ್! ನಮ್ಮ ಡಿಪೋದ ತರಬೇತಿ ಮೇಷ್ಟ್ರು ನಾನು," ಎಂದು ಅವನು ಅಂದಾಜಪ್ಪನ ಕೈ ಹಿಡಿದು ಮೇಲೆಳೆದುಕೊಂಡ. "ಒಂದು ವರ್ಷದಿಂದ ವಾರಕ್ಕೆ ಎರಡು ದಿನ, ಗೋಡೆ ಹಿಂದಿನ ಮೈದಾನದಲ್ಲಿ ಕಲಿತ್ರು. ಹೋದ ತಿಂಗಳು ಪಾಸಾದ್ರು. ಕೆಲಸ ಖಾಲಿ ಇರಲಿಲ್ಲ, ಸುಮ್ನೆ ಕೈ ಮರೀಬಾರದು ಅಂತ ಬರ್ತಿದ್ರು. ಯಾವನೋ ಪುಣ್ಯಾತ್ಮ ಮೂರು ಗಂಟೆಗೆ ಒಂದು ಬಸ್ಸು ಜಾಸ್ತಿ ಬೇಕು ಅಂತ ಲೆಕ್ಕ ಹಾಕಿದ ನೋಡಿ, ಇವರಿಗೆ ಕೆಲಸ ಸಿಕ್ತು!"

ದರ್ಜಿ ಹಿಂದಿನಿಂದ ಕತ್ತು ಚಾಚಿ ಕೇಳಿದ. "ಅಂದಾಜಪ್ಪ, ಇದನ್ನೂ ಮೊದಲೇ ಅಂದಾಜು ಮಾಡಿದ್ರಾ?"

ಜೀವಮಾನದಲ್ಲಿ ಮೊದಲ ಸಲ ಅಂದಾಜಪ್ಪ, "ಇಲ್ಲ, ನನಗೆ ಗೊತ್ತಿರಲಿಲ್ಲ," ಎಂದ. ಹೆಂಡತಿಯ ಕಡೆ ಬಗ್ಗಿ ಮೆಲ್ಲಗೆ, "ನಂಗೊಂದು ಮಾತು ಹೇಳಬಾರದಿತ್ತಾ?" ಎಂದ.

"ಪಾಸಾದ್ರೂ ಕೆಲಸ ಸಿಕ್ಕಿದ ಮೇಲೇ ಹೇಳೋಣ ಅಂತಿದ್ದೆ. ಫೇಲಾಗಿದ್ರೆ ದರ್ಜಿ ಬೆಂಚಿನ ಮೇಲೆ ನಾನು ನಲವತ್ತು ಸಲ ಫೇಲಾಗ್ತಿದ್ದೆ," ಎಂದಳು ಅವಳು, ಕನ್ನಡಿಯಿಂದ ಕಣ್ಣು ತೆಗೆಯದೆ. "ಈಗ ಒಳಗೆ ಹೋಗಿ. ಬಾಗಿಲ ಹತ್ತಿರ ನಿಲ್ಲಬಾರದು."

ಅವನು ಒಳಗೆ ಹೋದ. ಅಮ್ಮ ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. ಬಸ್ಸು ಹೊರಟಿತು. ಕನ್ನಡಿಯಲ್ಲಿ ಹೆಂಡತಿಯ ಮುಖ ಕಾಣುತ್ತಿತ್ತು, ಶುಕ್ರವಾರ ಕಂಡ ಅದೇ ಮುಖ. ಅಂದಾಜಪ್ಪನಿಗೆ ನಾಚಿಕೆಯಾಯಿತು, ಹೆಮ್ಮೆಯೂ ಆಯಿತು. ಕೊನೆಯ ನಿಲ್ದಾಣದವರೆಗೂ ಅವನು ಆ ಕನ್ನಡಿಯನ್ನೇ ನೋಡುತ್ತಾ ಕೂತ.

ಹೊಸ ಬಸ್ಸು ಶುರುವಾದ ದಿನದ ಓಡಾಟವನ್ನು ಅದೇ ಮನೆಗಳಲ್ಲಿ ಮತ್ತೊಮ್ಮೆ ಬರೆಸಿಕೊಳ್ಳಬೇಕೆಂದು ನಿಯಮವಿತ್ತು. ಮರುದಿನ ಬೆಳಗ್ಗೆ ಮೂವರೂ ಮೇಜಿನ ಸುತ್ತ ಕೂತರು. ಹೆಂಡತಿ ಕಾರಣದ ಕಡೆ ಒಂದು ಎಂದು ಬರೆದಳು. ಕೆಲಸ. ಬರೆದ ಮೇಲೆ ಆ ಒಂದನ್ನು ಇನ್ನೊಮ್ಮೆ ತಿದ್ದಿ ದಪ್ಪ ಮಾಡಿದಳು. ಅಮ್ಮ, "ನನಗೆ ಎಲ್ಲಾ ಅಂಕಿನೂ ಹಾಕು, ಎಲ್ಲಾ ಕಡೆ ಹೋಗೋಳಿದೀನಿ ಇನ್ಮೇಲೆ," ಎಂದಳು.

ಅಂದಾಜಪ್ಪ ತನ್ನ ಹಾಳೆ ತೆಗೆದುಕೊಂಡ. ಹೊರಟದ್ದು ಎರಡು ಐವತ್ತೈದು. ಒಂಬತ್ತನೇ ನಂಬರು. ಕಾರಣ ಎಂಬಲ್ಲಿ ಪೆನ್ನು ನಿಂತಿತು. ಕಚೇರಿಯ ಕೆಲಸ ಎಂದು ಬರೆದರೆ ಯಾರೂ ಕೇಳುವಂತಿರಲಿಲ್ಲ. ಮುಖ ಕೆಳಗೆ ಹಾಕಿ ಏಳು ಎಂದು ಬರೆದ.

ಹೆಂಡತಿ ಬಗ್ಗಿ ನೋಡಿದಳು. "ಏಳು ಅಂದ್ರೆ?"

"ಕೇಳೋ ಹಾಗಿಲ್ಲ," ಎಂದ ಅಂದಾಜಪ್ಪ, ಸಣ್ಣ ದನಿಯಲ್ಲಿ.

"ಸರಿ, ಕೇಳಲ್ಲ," ಎಂದಳು ಹೆಂಡತಿ. ಬೂಟಿನ ದಾರ ಕಟ್ಟಿಕೊಂಡು ಬಾಗಿಲಲ್ಲಿ ಬಲಕ್ಕೊಮ್ಮೆ ಎಡಕ್ಕೊಮ್ಮೆ ನೋಡಿ ಹೊರಟಳು.

ಅಂದು ಕಚೇರಿಯಲ್ಲಿ ಯಂತ್ರ ಅವನ ಏಳನ್ನು ನಲವತ್ತರಿಂದ ಗುಣಿಸಿತು: ಹೇಳಲಾಗದ ಕಾರಣಕ್ಕೆ ಎರಡು ಐವತ್ತೈದರ ಬಸ್ಸು ಹತ್ತಿದ ಗಂಡಸರು ನಲವತ್ತು. ಇಷ್ಟರಲ್ಲಿ ಡಿಪೋದಿಂದ ಕಂಡಕ್ಟರನ ಚೀಟಿಯೂ ಬಂತು. ಮೊದಲ ಓಟದಲ್ಲಿದ್ದ ಗಂಡಸರನ್ನು ಅವನು ತಲೆ ಎಣಿಸಿ ಬರೆದಿದ್ದ. ಅಂದಾಜಪ್ಪ ಮೂರು ಸಲ ನೋಡಿದ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಸರಿಯಾಗಿ ನಲವತ್ತು.